ಬ್ರೋಕರ್ ಯಾರ ಕಡೆಯವನು?

ಇವತ್ತು ನಮ್ಮ ಮನೆಯ ವಿಷಯದಿಂದಲೇ ಶುರು ಮಾಡ್ತೀನಿ. ಅಪ್ಪ ತೀರಿಕೊಂಡ ಮೇಲೆ ಮೈಸೂರಿನ ಮನೆ ಮಾರಬೇಕಾಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಮ್ಮ ಸಹಿ ಹಾಕಿ, ಫೋಟೋ ತೆಗೆಸಿಕೊಂಡು ಹೊರಗೆ ಬಂದರು. ಕಾಯುತ್ತಾ ಕೂತಿದ್ದ ಬ್ರೋಕರ್ ಎದ್ದು ಬಂದು, "ಸಾರ್, ನಂದು ಎರಡು ಪರ್ಸೆಂಟ್" ಅಂದ. ನಾವು ಒಂದು ಅಂದುಕೊಂಡಿದ್ದೆವು. ಅಂದುಕೊಂಡಿದ್ದೆವು ಅಷ್ಟೇ, ಕೇಳಿರಲಿಲ್ಲ. ನಾನು ವಾದಕ್ಕೆ ನಿಂತೆ. ಅಮ್ಮ, "ಬಿಡೋ, ಮನೆಯೇ ಹೋಯ್ತು, ಇನ್ನು ಅವನ ಹತ್ರ ಏನು ಚೌಕಾಸಿ" ಅಂದರು. ಕೊಟ್ಟು ಬಂದೆ. ಆಮೇಲೆ ಗೊತ್ತಾಯಿತು, ಕೊಂಡವರ ಹತ್ತಿರವೂ ಅವನು ಎರಡು ಪರ್ಸೆಂಟ್ ತಗೊಂಡಿದ್ದ.

ದಿನಾ ಮಂತ್ರಿಗಳನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುವ ನಾನು, ಈ ಒಂದು ಪ್ರಶ್ನೆ ಕೇಳಿರಲಿಲ್ಲ.

ಲೆಕ್ಕ ನೋಡಿ. ಮನೆ ಬೆಲೆ 80 ಲಕ್ಷ. ಎರಡೂ ಕಡೆ ಶೇ. 2 ಅಂದರೆ ಬ್ರೋಕರ್‌ಗೆ 3 ಲಕ್ಷ 20 ಸಾವಿರ. ಕೊಳ್ಳುವವರು ಚೌಕಾಸಿ ಮಾಡಿ 75 ಲಕ್ಷಕ್ಕೆ ಇಳಿಸಿದರು ಅಂದುಕೊಳ್ಳಿ. ನಿಮಗೆ 5 ಲಕ್ಷ ನಷ್ಟ. ಬ್ರೋಕರ್‌ಗೆ? ಬರೀ 20 ಸಾವಿರ. ಅದಕ್ಕೇ ಅವನು ನಿಮಗೆ "ಇಷ್ಟಕ್ಕೆ ಕೊಟ್ಬಿಡಿ ಸಾರ್" ಅಂತಾನೆ, ಅವರಿಗೆ "ಸ್ವಲ್ಪ ಮೇಲೆ ಬನ್ನಿ ಸಾರ್" ಅಂತಾನೆ. ಅವನು ನಿಮ್ಮ ಕಡೆಯೂ ಅಲ್ಲ, ಅವರ ಕಡೆಯೂ ಅಲ್ಲ. ವ್ಯಾಪಾರ ಬೇಗ ಮುಗಿಯಲಿ ಅನ್ನುವ ಕಡೆ.

ಹಾಗಂತ ಬ್ರೋಕರ್‌ನನ್ನು ಬೈಯೋದು ಬೇಡ. ಹತ್ತು ಜನಕ್ಕೆ ಮನೆ ತೋರಿಸಿದರೆ ಒಬ್ಬರು ತಗೋತಾರೆ. ಖಾತೆ, ಇಸಿ ಅಂತ ಓಡಾಡ್ತಾನೆ. ಕೆಲಸಕ್ಕೆ ಕೂಲಿ ಬೇಕು. ಎಷ್ಟು ಅನ್ನೋದು ಮೊದಲೇ ತೀರ್ಮಾನ ಆಗಬೇಕು, ಅಷ್ಟೇ.

ಅಮೆರಿಕದಲ್ಲಿ ಇದೇ ವಿಷಯ ಕೋರ್ಟಿಗೆ ಹೋಯಿತು. ಅಲ್ಲಿ ಮನೆ ಮಾರುವವರು ಸಾಮಾನ್ಯವಾಗಿ ಶೇ. 5ರಿಂದ 6ರಷ್ಟು ಕಮಿಷನ್ ಕೊಡುತ್ತಿದ್ದರು. ಕೊಳ್ಳುವವರ ಏಜೆಂಟ್‌ಗೂ ಅದರಲ್ಲೇ ಪಾಲು. ಎದುರು ಪಕ್ಷದವರ ಏಜೆಂಟ್‌ಗೆ ನಾವ್ಯಾಕೆ ಕೊಡಬೇಕು ಅಂತ ಮನೆ ಮಾರಿದವರು ದಾವೆ ಹೂಡಿದರು. 2023ರ ಅಕ್ಟೋಬರ್‌ನಲ್ಲಿ ಮಿಸೌರಿಯ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. ಮುಂದಿನ ಮಾರ್ಚ್‌ನಲ್ಲಿ ಏಜೆಂಟರ ರಾಷ್ಟ್ರೀಯ ಸಂಘ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. 2024ರ ಆಗಸ್ಟ್ 17ರಿಂದ ಅಲ್ಲಿ ಹೊಸ ನಿಯಮ. ಕೊಳ್ಳುವವರಿಗೆ ಮನೆ ತೋರಿಸುವ ಮೊದಲೇ ಅವರ ಏಜೆಂಟ್ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಕಮಿಷನ್ ಎಷ್ಟು, ಅದನ್ನು ಚೌಕಾಸಿ ಮಾಡಬಹುದು ಅನ್ನೋದೂ ಅದರಲ್ಲಿ ಇರಬೇಕು.

ನಮ್ಮಲ್ಲಿ? 2016ರ ರೇರಾ ಕಾಯ್ದೆ ಪ್ರಕಾರ, ನೋಂದಾಯಿತ ಯೋಜನೆಗಳ ಫ್ಲ್ಯಾಟು, ಸೈಟು ಮಾರಿಸುವ ಏಜೆಂಟ್ ರೇರಾದಲ್ಲಿ ನೋಂದಣಿ ಮಾಡಿಸಿರಬೇಕು. ಆದರೆ ಕಮಿಷನ್ ಇಷ್ಟೇ ಅಂತ ಆ ಕಾಯ್ದೆ ಹೇಳಿಲ್ಲ. "ಎಲ್ಲಾ ಕಡೆ ಎರಡೇ ಸಾರ್" ಅನ್ನೋದು ರೂಢಿ, ಕಾನೂನಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲ ಮನೆ ನೋಡುವ ಮುಂಚೆಯೇ, ಮೊದಲ ಗಿರಾಕಿ ಬಾಗಿಲಿಗೆ ಬರುವ ಮುಂಚೆಯೇ ಮೂರು ಪ್ರಶ್ನೆ ಕೇಳಿ. ಎಷ್ಟು? ಯಾವಾಗ ಕೊಡಬೇಕು? ಎದುರಿನವರ ಹತ್ತಿರವೂ ತಗೋತೀಯಾ? ಎರಡೂ ಕಡೆ ಸಿಗುತ್ತೆ ಅಂದರೆ ನಿಮ್ಮ ಪಾಲು ಇಳಿಸಿ ಅಂತ ಕೇಳೋಕೆ ಅದೇ ಒಳ್ಳೆ ಕಾರಣ. ಮಾರುವವರಾದರೆ ಇನ್ನೊಂದು ದಾರಿ ಇದೆ: 80 ಲಕ್ಷದ ತನಕ ಒಂದು ಪರ್ಸೆಂಟ್, ಅದರ ಮೇಲೆ ಎಷ್ಟು ತಂದರೂ ಆ ಹೆಚ್ಚಿನ ಮೊತ್ತಕ್ಕೆ ಐದು ಅನ್ನಿ. ಆಗ ಅವನೂ ನಿಮ್ಮ ಬೆಲೆಗಾಗಿ ದುಡೀತಾನೆ. ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಹಣ ಬ್ಯಾಂಕ್ ಮೂಲಕ ಕೊಡಿ, ರಸೀದಿ ತಗೊಳ್ಳಿ. ಮನೆ ಮಾರಿದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಈ ಕಮಿಷನ್ ಅನ್ನು ಖರ್ಚು ಅಂತ ಕಳೆಯಬಹುದು. ನಗದು ಕೊಟ್ಟು ಸುಮ್ಮನಾದರೆ ಅದಕ್ಕೂ ದಾಖಲೆ ಇಲ್ಲ.

ರಿಜಿಸ್ಟ್ರೇಷನ್ ದಿನ ಯಾರಿಗೂ ಜಗಳ ಆಡುವ ಮನಸ್ಸು ಇರಲ್ಲ. ಇದು ಬ್ರೋಕರ್‌ಗೆ ಚೆನ್ನಾಗಿ ಗೊತ್ತು. ಈಗ ನಿಮಗೂ ಗೊತ್ತಾಯಿತು.