ಸಕ್ಕರೆ ಕಾಯಿಲೆಯ ಸುಳ್ಳು, ಅಮ್ಮನ ಹರಕೆ, ದಿನಕ್ಕೊಂದು ಮಾತ್ರೆ

ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಮಂಡ್ಯ ಬಸ್ಸಿಗೆ ಕಾಯುವ ಜನ ನಾನಾ ತರಹ. ಕೋರ್ಟು ಕಚೇರಿಗೆ ಹೋಗುವವರು, ಡಿ.ಸಿ. ಆಫೀಸಿಗೆ ಅರ್ಜಿ ಹಿಡಿದವರು, ಕಾಲೇಜು ಹುಡುಗರು, ಹೂವಿನ ಮೂಟೆ ಹೊತ್ತವರು. ಅವರ ನಡುವೆಯೇ ಕೈಚೀಲದ ತಳದಲ್ಲಿ ಒಂದು ಚಿಕಿತ್ಸಾ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ನಿಂತವರೂ ಇರುತ್ತಾರೆ. ಮುಖ ನೋಡಿ ಅವರನ್ನು ಗುರುತಿಸಲು ಆಗುವುದಿಲ್ಲ. ಗುರುತಿಸುವ ಅಗತ್ಯವೂ ಯಾರಿಗೂ ಇಲ್ಲ.

"ಎಲ್ಗವ್ವಾ ಹೊಂಟೆ ಇಷ್ಟೊತ್ಗೇ?" ಎಂದು ಪಕ್ಕದೂರಿನವರು ಕೇಳಿದರೆ, "ಮಂಡ್ಯಕ್ಕೆ ಕಣಕ್ಕಾ, ಸಕ್ಕರೆ ಕಾಯ್ಲೆ ತೋರಿಸ್ಕೊಂಡ್ ಬರಕ್ಕೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಕ್ಕರೆಯ ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆ ಅಂದರೆ ಮುಂದಿನ ಪ್ರಶ್ನೆಯೇ ಹುಟ್ಟುವುದಿಲ್ಲ ನೋಡಿ! ಕಾಯಿಲೆಯ ನಿಜವಾದ ಹೆಸರು ಎಚ್.ಐ.ವಿ. ಆ ಹೆಸರು ಬಾಯಿಂದ ಹೊರಬಿದ್ದ ದಿನ ಊರಿನ ಅರ್ಧ ಬಾಗಿಲು ಮುಚ್ಚುತ್ತದೆ ಎಂಬ ಭಯ.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅದನ್ನು ಕಂಡುಹಿಡಿದರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಳಿ ಆದಿಚುಂಚನಗಿರಿ ಮಠದ ಮೆಡಿಕಲ್ ಕಾಲೇಜು ಆರಂಭವಾದದ್ದೂ ಅದೇ ವರ್ಷ. ಆಗ ಇದು ಮದರಾಸಿನವರ, ಬೊಂಬಾಯಿಯವರ ಸಮಾಚಾರ ಎಂದೇ ನಮ್ಮ ಕಡೆಯವರು ತಿಳಿದಿದ್ದರು. ಹೆಚ್ಚು ಸೋಂಕಿನ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಬಂದ ಮೇಲೆ ಆ ಸಮಾಧಾನ ಉಳಿಯಲಿಲ್ಲ. 1997ರಲ್ಲಿ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಸ್ಥಾಪನೆಯಾಯಿತು.

ಸರ್ಕಾರ ಸೊಸೈಟಿ ಮಾಡಿದರೆ, ಮಂಡ್ಯ ಜಿಲ್ಲೆಯ ಒಬ್ಬ ಮೇಷ್ಟ್ರು ದೇವರನ್ನೇ ಮಾಡಿದರು. ಇದು ತಮಾಷೆಯ ಮಾತಲ್ಲ. 1990ರ ದಶಕದ ಕೊನೆಯಲ್ಲಿ ಮೆಣಸಿಕ್ಯಾತನಹಳ್ಳಿ ಎಂಬ ಹಳ್ಳಿಯಲ್ಲಿ ಗಿರೀಶ್ ಎಂಬ ವಿಜ್ಞಾನದ ಮೇಷ್ಟ್ರು 'ಏಡ್ಸಮ್ಮ'ನ ಗುಡಿ ಕಟ್ಟಿಸಿದರು. ದೇವಿಯ ಹೆಸರೇ ಏಡ್ಸಮ್ಮ! ಏಡ್ಸ್‌ನಿಂದ ಸತ್ತವರನ್ನು ಜನ ನಡೆಸಿಕೊಂಡ ರೀತಿ ನೋಡಿ ಮನಸ್ಸು ಕೆಟ್ಟು ಅವರು ಈ ಕೆಲಸಕ್ಕೆ ಕೈ ಹಾಕಿದರು. ಹರಕೆ ಹೊತ್ತರೆ ಕಾಯಿಲೆ ಹೋಗುತ್ತದೆ ಎಂದು ಅವರು ಹೇಳಲಿಲ್ಲ. ಗುಡಿಗೆ ಬಂದವರು ಕಾಯಿಲೆ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಎಂದು ತಿಳಿದು ಹೋಗಲಿ ಎಂಬುದು ಅವರ ಲೆಕ್ಕ. ಆಸ್ಪತ್ರೆಯ ಗೋಡೆಯ ಮೇಲೆ ಬರೆದದ್ದನ್ನು ಓದದ ಜನ ಗುಡಿಯ ಗೋಡೆಯ ಮೇಲಿದ್ದರೆ ಓದುತ್ತಾರೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಆ ಸುದ್ದಿ ದೇಶ ದಾಟಿ ವಿದೇಶದ ಪತ್ರಿಕೆಗಳವರೆಗೂ ಹೋಯಿತು.

ಪೇಟೆಯ ಬುದ್ಧಿವಂತರು ನಕ್ಕರು. ಆದರೆ ನಮ್ಮ ಸೀಮೆಯಲ್ಲಿ ಇದು ಹೊಸದೇನಲ್ಲ. ಸಿಡುಬು ಬಂದ ಮನೆಯಲ್ಲಿ 'ಅಮ್ಮ ಆಗೈತೆ' ಅಂತ ಬೇವಿನ ಸೊಪ್ಪು ಕಟ್ಟಿ, ತಂಬಿಟ್ಟು ಮೊಸರನ್ನ ಎಡೆ ಇಟ್ಟವರು ನಮ್ಮ ಅಜ್ಜಿಯಂದಿರೇ. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಜನ ಪ್ಲೇಗಮ್ಮನನ್ನೂ ಪೂಜಿಸಿದರು. ಸಿಡುಬನ್ನು ಲೋಕದಿಂದಲೇ ಅಳಿಸಲಾಗಿದೆ ಎಂದು 1980ರಲ್ಲಿ ಘೋಷಣೆಯಾಯಿತು. ಮಾರಮ್ಮ ಮಾತ್ರ ಎಲ್ಲೂ ಹೋಗಲಿಲ್ಲ. ವರ್ಷ ವರ್ಷ ಹಬ್ಬ ಮಾಡಿಸಿಕೊಳ್ಳುತ್ತಿದ್ದಾಳೆ. ಅಮ್ಮ ಬಂದ ಮನೆಯವರನ್ನು ಊರು ಹೆದರಿ ದೂರ ಇಟ್ಟರೂ 'ನೀನು ಕೆಟ್ಟವನು' ಅಂತ ಬೈಯುತ್ತಿರಲಿಲ್ಲ. ಎಚ್.ಐ.ವಿ. ವಿಷಯದಲ್ಲಿ ಹೆದರಿಕೆಯ ಜತೆಗೆ ಬೈಗುಳವೂ ಸೇರಿಕೊಂಡಿತು. ಗಂಡನಿಂದ ಸೋಂಕು ತಗುಲಿಸಿಕೊಂಡು, ಗಂಡ ತೀರಿಕೊಂಡ ಮೇಲೆ ಅತ್ತೆ ಮನೆಯಿಂದ ಹೊರಬಿದ್ದ ಹೆಣ್ಣುಮಕ್ಕಳು ಕೇಳಿಸಿಕೊಂಡ ಮಾತುಗಳನ್ನು ಅಚ್ಚು ಹಾಕುವಂತಿಲ್ಲ.

ಇನ್ನು ಔಷಧದ ಮಾತು. 2004ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಎ.ಆರ್.ಟಿ. ಔಷಧವನ್ನು ಪುಕ್ಕಟೆಯಾಗಿ ಕೊಡಲು ಶುರು ಮಾಡಿತು. ಅದಕ್ಕೆ ಮುಂಚೆ ದುಡ್ಡಿದ್ದವರು ಬದುಕಿದರು, ಇಲ್ಲದವರು ಜಮೀನು ಮಾರಿ ಸತ್ತರು. ಈಗ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್‌ನಲ್ಲಿ ಎ.ಆರ್.ಟಿ. ಕೇಂದ್ರಗಳಿವೆ. ಸೋಂಕು ಗೊತ್ತಾದ ಕೂಡಲೇ, ರಕ್ತದ ಎಣಿಕೆ ಎಷ್ಟೇ ಇರಲಿ, ಔಷಧ ಶುರು ಮಾಡಬೇಕೆಂದು 2017ರಲ್ಲಿ ನಿಯಮ ಬಂತು. ಹೆಚ್ಚಿನವರಿಗೆ ಈಗ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಆ ಮಟ್ಟ ಹಾಗೇ ಉಳಿದರೆ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45. ಸರಿಯಾಗಿ ಔಷಧ ಕೊಟ್ಟರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಬಸುರಿಯರ ರಕ್ತ ಪರೀಕ್ಷೆಗೆ ಇಷ್ಟು ಒತ್ತು ಕೊಡುವುದು ಅದಕ್ಕೇ.

ಔಷಧ ಪುಕ್ಕಟೆ ಸರಿ, ದಾರಿ ಪುಕ್ಕಟೆ ಇರಲಿಲ್ಲ. ನಾಗಮಂಗಲದ ಕಡೆಯ ಹಳ್ಳಿಯಿಂದ ಮಂಡ್ಯಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ದುಡ್ಡು ಉಳಿಯಿತು. ಈ ಯೋಜನೆಯ ಬಗ್ಗೆ ಬಸ್ಸಿನಲ್ಲಿ ಏನೇನೋ ಜಗಳ ನಡೆಯುತ್ತವೆ. ಮಾತ್ರೆ ತರಲು ಹೋಗುವ ವಿಧವೆಯ ಲೆಕ್ಕ ಆ ಜಗಳದಲ್ಲಿ ಯಾರೂ ಎತ್ತುವುದಿಲ್ಲ. ಗಂಡಸರ ಚಾರ್ಜು ಮಾತ್ರ ಹಾಗೇ ಇದೆ.

ಶ್ರೀರಂಗಪಟ್ಟಣದವರ ಪಾಡು ಸ್ವಲ್ಪ ಬೇರೆ. ಅವರಿಗೆ ಮಂಡ್ಯಕ್ಕಿಂತ ಮೈಸೂರು ಹತ್ತಿರ. ಮೈಸೂರಿನ ಜನಸಂದಣಿಯಲ್ಲಿ ಯಾರು ಯಾವ ಆಸ್ಪತ್ರೆಗೆ ಹೋದರೆಂದು ಕೇಳುವವರೂ ಇಲ್ಲ. ಗುಟ್ಟು ಉಳಿಯಲೆಂದು ಹತ್ತಿರದ ಕೇಂದ್ರ ಬಿಟ್ಟು ದೂರದ ಊರಿಗೆ ಹೋಗುವವರೂ ಉಂಟು. ಗುಟ್ಟಿನ ಬೆಲೆ ಬಸ್ ಚಾರ್ಜಿಗಿಂತ ದೊಡ್ಡದು ಸ್ವಾಮಿ.

ದೇವರ ವಿಷಯಕ್ಕೆ ಮತ್ತೆ ಬರೋಣ, ಏಕೆಂದರೆ ತೊಡಕು ಇರುವುದು ಅಲ್ಲಿ. ಗಂಜಾಂ ನಿಮಿಷಾಂಬ ನಿಮಿಷದಲ್ಲಿ ಕಷ್ಟ ಪರಿಹರಿಸುತ್ತಾಳೆಂದು ನಂಬಿ ಬರುವವರಲ್ಲಿ, ಮೇಲುಕೋಟೆಯ ವೈರಮುಡಿಗೆ ಬೆಟ್ಟ ಹತ್ತುವವರಲ್ಲಿ ಈ ಕಾಯಿಲೆಯವರೂ ಇದ್ದೇ ಇರುತ್ತಾರೆ. ಮನುಷ್ಯರ ಹತ್ತಿರ ಹೇಳಿಕೊಳ್ಳಲಾಗದ್ದನ್ನು ದೇವರ ಹತ್ತಿರ ಹೇಳಿಕೊಂಡರೆ ಎದೆಯ ಭಾರ ಇಳಿಯುತ್ತದೆ. ಇದನ್ನು ಯಾವ ಡಾಕ್ಟರೂ ಬೇಡ ಎನ್ನುವುದಿಲ್ಲ. ಕಾಟ ಕೊಡುವವರು ಬೇರೆ ಜನ. "ಇಂಗ್ಲಿಷ್ ಮಾತ್ರೆ ಬಿಟ್ಬುಡು, ನಲವತ್ತೆಂಟು ದಿನ ನನ್ ಔಷ್ದಿ ತಗಾ, ಕಾಯ್ಲೆ ಬೇರು ಸಮೇತ ಹೋಯ್ತದೆ" ಎಂದು ಸಾವಿರಗಟ್ಟಲೆ ಕೀಳುವವರು. ಹಾಗೆ ಮಾತ್ರೆ ನಿಲ್ಲಿಸಿದವರ ಮೈಯಲ್ಲಿ ವೈರಾಣು ಮತ್ತೆ ಹೆಚ್ಚುತ್ತದೆ, ಕ್ಷಯ ಬಂದು ಸೇರುತ್ತದೆ. ಮಾತ್ರೆ ಬಿಟ್ಟು ಹಿಡಿದು ಮಾಡಿದರೆ ವೈರಾಣು ಪಳಗಿ, ಅದೇ ಔಷಧ ನಾಳೆ ನಾಟದೆ ಹೋಗಬಹುದು. ಇದನ್ನು ಪೂರ್ತಿ ಅಳಿಸುವ ಔಷಧ ಇನ್ನೂ ಸಾಮಾನ್ಯ ಜನರ ಕೈಗೆ ಬಂದಿಲ್ಲ. ಬಂದಿದೆ ಎಂದು ಸಂತೆಯಲ್ಲಿ ಕೂಗುವವನು ಮೋಸಗಾರ. ಉಪವಾಸ ಮಾಡಲಿ, ಹರಕೆ ತೀರಿಸಲಿ, ಮುಡಿ ಕೊಡಲಿ. ಬೆಟ್ಟ ಹತ್ತುವ ದಿನವೂ ಮಾತ್ರೆ ಸೊಂಟದ ಚೀಲದಲ್ಲಿರಬೇಕು, ಅಷ್ಟೆ.

ಊಟದ ವಿಷಯದ ಭಯವಂತೂ ಅರ್ಥವಿಲ್ಲದ್ದು. ಆದಿಚುಂಚನಗಿರಿಯ ದಾಸೋಹದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು ಉಂಡವನ ಜಾತಕ ಯಾರೂ ಕೇಳುವುದಿಲ್ಲ, ಉಂಡು ಎದ್ದು ಬರುತ್ತಾರೆ. ಒಂದೇ ಲೋಟದ ನೀರು, ಒಂದೇ ಸೀಟು, ಕೈ ಕುಲುಕುವುದು, ಸೊಳ್ಳೆ ಕಡಿತ, ಇವಾವುದರಿಂದಲೂ ಎಚ್.ಐ.ವಿ. ಬರುವುದಿಲ್ಲ. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರದೇ ಸಂಘಟನೆಯಾದ ಆಶೋದಯ ಸಮಿತಿ ಹೋಟೆಲನ್ನೇ ನಡೆಸಿ ಜನರಿಗೆ ಊಟ ಬಡಿಸಿತು. ಕ್ಷೌರದಂಗಡಿಯವರಿಗೆ ಹೇಳಬೇಕಾದ್ದೂ ಒಂದೇ ಮಾತು: ಒಬ್ಬೊಬ್ಬರಿಗೂ ಹೊಸ ಬ್ಲೇಡು ಹಾಕಿ. ಯಾರು ಬಂದರೂ ಹಾಕಬೇಕಾದ್ದೇ ಅದು.

ಅಂಗಡಿ ಮಾಲೀಕರು ತಿಳಿದಿರಬೇಕಾದ ಕಾನೂನೂ ಒಂದಿದೆ. 2017ರಲ್ಲಿ ಸಂಸತ್ತು ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ ಮಾಡಿತು. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆ ಎಚ್.ಐ.ವಿ. ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವಂತಿಲ್ಲ. ಸೋಂಕಿದೆ ಎಂಬ ಕಾರಣಕ್ಕೆ ವಿನಾಕಾರಣ ಕೆಲಸದಿಂದ ತೆಗೆಯುವಂತಿಲ್ಲ, ಬಾಡಿಗೆ ಮನೆ ಬಿಡಿಸುವಂತಿಲ್ಲ, ಸ್ಕೂಲಿಗೆ ಸೇರಿಸಲ್ಲ ಎನ್ನುವಂತಿಲ್ಲ. ಸೋಂಕಿತರ ಮೇಲೆ ದ್ವೇಷ ಹುಟ್ಟಿಸುವಂತೆ ಪ್ರಚಾರ ಮಾಡಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಪ್ಪ ಅಮ್ಮ ಇಬ್ಬರೂ ಹೋದ ಮನೆಯಲ್ಲಿ ಸಂಸಾರ ತೂಗಿಸುವ ತಿಳಿವಳಿಕೆಯುಳ್ಳ ಅಕ್ಕನೋ ಅಣ್ಣನೋ ಇದ್ದರೆ, 12 ವರ್ಷ ತುಂಬಿದ ಅವರು ತಮ್ಮ ತಂಗಿಯರಿಗೆ ಪೋಷಕರಾಗಿ ಸಹಿ ಹಾಕಬಹುದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಹನ್ನೆರಡು ವರ್ಷದ ಮಗುವಿಗೆ ಈ ಅಧಿಕಾರ ಕೊಡಬೇಕಾಗಿ ಬಂತೆಂದರೆ ಎಂಥ ಮನೆಗಳನ್ನು ನೋಡಿ ಈ ಕಾಯ್ದೆ ಬರೆದಿರಬೇಕು!

2020ರ ಮೇ ತಿಂಗಳನ್ನು ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರದ ಜನ ಮರೆತಿರಲಾರರು. ಮುಂಬಯಿಯಲ್ಲಿ ದುಡಿಯುತ್ತಿದ್ದ ನಮ್ಮವರು ಕೊರೋನಾ ಕಾಲದಲ್ಲಿ ಊರಿಗೆ ವಾಪಸು ಬಂದಾಗ 'ಬಾಂಬೆಯವರು' ಎಂಬ ಒಂದೇ ಮಾತಿಗೆ ಬೀದಿ ಬೀದಿಯೇ ಹಿಂದೆ ಸರಿಯಿತು. ಮುಟ್ಟಿಸಿಕೊಳ್ಳದೆ, ಮಾತಾಡಿಸಿಕೊಳ್ಳದೆ ಕೂತಿರುವುದು ಹೇಗಿರುತ್ತದೆ ಎಂದು ಕೆಲವು ವಾರ ಒಳ್ಳೊಳ್ಳೆ ಮನೆತನದವರಿಗೂ ತಿಳಿಯಿತು. ಅದೇ ಲಾಕ್‌ಡೌನಿನಲ್ಲಿ ಬಸ್ಸು ನಿಂತು ಹೋಗಿ, ಎ.ಆರ್.ಟಿ. ಮಾತ್ರೆ ಮುಗಿದರೆ ಏನು ಗತಿ ಎಂದು ದಿನ ಎಣಿಸಿದವರೂ ಇದ್ದರು. ಆಗ ಒಂದೇ ಸಲಕ್ಕೆ ಹಲವು ತಿಂಗಳ ಮಾತ್ರೆ ಕೊಟ್ಟು ಕಳಿಸುವ ಏರ್ಪಾಡು ಮಾಡಬೇಕಾಯಿತು.

ಸತ್ತ ಮೇಲಿನ ಮಾತೂ ಇದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಎಲ್ಲೆಲ್ಲಿಂದಲೋ ಅಸ್ಥಿ ತಂದು ಬಿಡುತ್ತಾರೆ. ಯಾವ ಮಡಕೆಯಲ್ಲಿ ಯಾವ ಕಾಯಿಲೆಯವರ ಬೂದಿ ಇದೆಯೆಂದು ಕಾವೇರಿ ಕೇಳಿದ್ದಿಲ್ಲ. ಹೆಣಕ್ಕೆ ಹೆಗಲು ಕೊಟ್ಟವರಿಗೆ, ಚಟ್ಟ ಕಟ್ಟಿದವರಿಗೆ ಅದರಿಂದ ಎಚ್.ಐ.ವಿ. ಬರುವುದಿಲ್ಲ, ಹೆಣದ ರಕ್ತ ಗಾಯಕ್ಕೆ ತಾಗದಂತೆ ಗ್ಲೌಸು ಹಾಕಿಕೊಂಡರೆ ಸಾಕು.

ಅನುಮಾನ ಇದ್ದವರು ತಾಲ್ಲೂಕು ಆಸ್ಪತ್ರೆಯ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬಹುದು. ದುಡ್ಡಿಲ್ಲ, ಹೆಸರು ಹೊರಗೆ ಹೋಗುವಂತಿಲ್ಲ. ಅಲ್ಲಿಗೆ ಹೋಗಲೂ ಸಂಕೋಚವಾದರೆ 1097ಕ್ಕೆ ಫೋನ್ ಮಾಡಿ ಕೇಳಬಹುದು, ಕರೆಗೆ ಚಾರ್ಜಿಲ್ಲ.