ಮೆದುಳಿನ ರಕ್ತನಾಳದ ಗುಳ್ಳೆ

ಹಳೇ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದರೆ ಸವೆದ ಕಡೆ ಉಬ್ಬುತ್ತದಲ್ಲವೇ? ಮೆದುಳಿನ ರಕ್ತನಾಳವೂ ಹಾಗೇ ಉಬ್ಬಬಹುದು. ಇದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಒಡೆದರೆ ಪ್ರಾಣಕ್ಕೇ ಅಪಾಯ.

ತಲೆಬುರುಡೆ ತೆರೆದು ಕ್ಲಿಪ್ ಹಾಕುವುದು ಒಂದು ವಿಧಾನ. ಇನ್ನೊಂದರಲ್ಲಿ ತಲೆ ಕುಯ್ಯುವುದೇ ಇಲ್ಲ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆಯನ್ನು ಎಕ್ಸರೇಯಲ್ಲಿ ನೋಡುತ್ತಾ ಮೆದುಳಿನವರೆಗೆ ಕಳಿಸಿ, ಗುಳ್ಳೆಯೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುತ್ತಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಗುಳ್ಳೆ ಮುಚ್ಚಿಹೋಗುತ್ತದೆ. ಇಟಲಿಯ ಡಾ. ಗುಗ್ಲಿಯೆಲ್ಮಿ 1990ರಲ್ಲಿ ಅಮೆರಿಕದಲ್ಲಿ ಈ ಸುರುಳಿಯನ್ನು ಮೊದಲು ಬಳಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಚಿಕಿತ್ಸೆ ಇದೆ.

ಹೊಸದುರ್ಗ, ಹೊಳಲ್ಕೆರೆಯವರಿಗೆ ಬೆಂಗಳೂರು ದೂರ. ಇದ್ದಕ್ಕಿದ್ದಂತೆ ಹಿಂದೆಂದೂ ಬಾರದಂಥ ತಲೆನೋವು, ವಾಂತಿ ಬಂದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ, ಬೆಳಗಾಗಲಿ ಅನ್ನಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಬೀಡಿ, ಬಿ.ಪಿ. ಎರಡೂ ಈ ಗುಳ್ಳೆಗೆ ಕೆಟ್ಟವು. ಅದಕ್ಕೇ ನಮ್ಮಜ್ಜನಿಗೆ ದಿನಾ ಹೇಳ್ತೀನಿ: ಬೀಡಿ ಬಿಡಜ್ಜ!