ವಿಮಾನದ ಎಂಜಿನ್‌ನಲ್ಲಿ ಕಚ್ಚಿಕೊಂಡ ಭಾಗಗಳನ್ನು ಬಿಡಿಸುವುದು

ಸಣ್ಣ ವಿಮಾನಗಳ ಪಿಸ್ಟನ್ ಎಂಜಿನ್‌ಗಳಲ್ಲಿ ತುಕ್ಕು, ಇಂಗಾಲದ ಕಿಟ್ಟ ಅಥವಾ ಅತಿಯಾದ ಶಾಖದಿಂದ ಬಿಗಿಯಾಗಿ ಕಚ್ಚಿಕೊಂಡ ಸ್ಪಾರ್ಕ್ ಪ್ಲಗ್, ಕವಾಟ, ಸ್ಟಡ್ ಮುಂತಾದ ಭಾಗಗಳನ್ನು ಸುತ್ತಲಿನ ಲೋಹಕ್ಕೆ ಹಾನಿಯಾಗದಂತೆ ಹೊರತೆಗೆಯುವುದು ವಿಮಾನ ನಿರ್ವಹಣೆಯ ಒಂದು ಮುಖ್ಯ ಕೆಲಸ. ಬಿಡಿಸುವಾಗ ಉಂಟಾದ ಸಣ್ಣ ಬಿರುಕು ಕೂಡ ಮುಂದೆ ಹಾರಾಟದ ನಡುವೆ ಎಂಜಿನ್ ಕೆಡಲು ಕಾರಣವಾಗಬಹುದು. ಆದ್ದರಿಂದ ಈ ಕೆಲಸದಲ್ಲಿ ತೋಳ್ಬಲಕ್ಕಿಂತ ಕಾರಣವನ್ನು ಅರಿಯುವುದಕ್ಕೆ ಹೆಚ್ಚಿನ ಮಹತ್ವವಿದೆ.

ಬೆಂಗಳೂರಿನ ಹಿನ್ನೆಲೆ

ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಯೋಗದಿಂದ 1940ರ ಡಿಸೆಂಬರ್‌ನಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು (ಇಂದಿನ ಎಚ್‌ಎಎಲ್) ಬೆಂಗಳೂರಿನ ಪೂರ್ವಭಾಗದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಅಮೆರಿಕದ ವಿಮಾನಗಳ ದುರಸ್ತಿ ನಡೆಯಿತು. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ತರಬೇತಿ ವಿಮಾನ ಎಚ್‌ಟಿ-2 1951ರಲ್ಲಿ ಮೊದಲ ಬಾರಿಗೆ ಹಾರಿತು. ಹಾರಾಟ ಸಂಘಗಳಿಗಾಗಿ ತಯಾರಾದ ಎರಡು ಆಸನಗಳ ಪುಷ್ಪಕ್ 1958ರಲ್ಲಿ ಹಾರಿತು. ಪುಷ್ಪಕ್‌ನ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗಳಿದ್ದು, ಸಿಲಿಂಡರ್‌ಗೆ ಎರಡರಂತೆ ಎಂಟು ಸ್ಪಾರ್ಕ್ ಪ್ಲಗ್‌ಗಳಿರುತ್ತವೆ.

ಕಾರಣಗಳು

ಗಾಳಿಯಿಂದ ತಣಿಯುವ ಎಂಜಿನ್‌ಗಳ ಸಿಲಿಂಡರ್ ತಲೆಯು ಅಲ್ಯೂಮಿನಿಯಂ ಮಿಶ್ರಲೋಹದ್ದು. ಪ್ಲಗ್ ಮತ್ತು ಸ್ಟಡ್‌ಗಳು ಉಕ್ಕಿನವು. ಒಂದೇ ಪ್ರಮಾಣದ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪದೇ ಪದೇ ಕಾಯ್ದು ತಣಿಯುವಾಗ ಥ್ರೆಡ್‌ಗಳ ನಡುವೆ ಕಿಟ್ಟ ಸೇರುತ್ತದೆ. ಬಹುಕಾಲ ಹಾರದೆ ನಿಂತ ವಿಮಾನದಲ್ಲಿ ತೇವಾಂಶದಿಂದ ತುಕ್ಕು ಹಿಡಿಯುತ್ತದೆ.

ಮೊದಲ ಪರೀಕ್ಷೆ

ಪ್ರೊಪೆಲ್ಲರ್ ತಿರುಗದಿದ್ದ ಮಾತ್ರಕ್ಕೆ ಎಂಜಿನ್ ಜಾಮ್ ಆಗಿದೆಯೆಂದು ತಿಳಿಯಬಾರದು. ಎಚ್‌ಟಿ-2ರಲ್ಲಿ ಬಳಸಿದ ಸಿರ್ರಸ್ ಮೇಜರ್‌ನಂತಹ ತಲೆಕೆಳಗಾದ ಎಂಜಿನ್‌ಗಳಲ್ಲಿ ಸಿಲಿಂಡರ್‌ಗಳು ಕೆಳಮುಖವಾಗಿರುತ್ತವೆ. ನಿಂತ ವಿಮಾನದಲ್ಲಿ ಎಣ್ಣೆ ಇಳಿದು ಸಿಲಿಂಡರ್‌ನೊಳಗೆ ಸಂಗ್ರಹವಾಗಬಹುದು. ದ್ರವವನ್ನು ಅದುಮಲು ಸಾಧ್ಯವಿಲ್ಲದ ಕಾರಣ ಪಿಸ್ಟನ್ ಮುಂದೆ ಸಾಗುವುದಿಲ್ಲ. ಆಗ ಬಲ ಪ್ರಯೋಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್‌ಗಳನ್ನು ತೆಗೆದು ಎಣ್ಣೆಯನ್ನು ಹೊರಬಿಡುವುದೇ ಇದಕ್ಕೆ ಪರಿಹಾರ.

ಬಿಡಿಸುವ ವಿಧಾನಗಳು

ಸ್ಪಾರ್ಕ್ ಪ್ಲಗ್: ಮೊದಲು ಥ್ರೆಡ್‌ಗಳೊಳಗೆ ಇಳಿಯುವ ತೆಳು ಎಣ್ಣೆಯನ್ನು ಹಾಕಿ ಸಾಕಷ್ಟು ಹೊತ್ತು ಬಿಡಬೇಕು. ಆಗಲೂ ಬಿಡದಿದ್ದರೆ, ಸಿಲಿಂಡರ್ ಬೆಚ್ಚಗಿರುವಾಗ ಪ್ಲಗ್‌ನ ಸುತ್ತ ಲೋಹದ ಆಲಿಕೆಯನ್ನಿಟ್ಟು ಇಂಗಾಲದ ಡೈಆಕ್ಸೈಡ್ ಹಾಯಿಸುತ್ತಾರೆ. ಉಕ್ಕು ತಣಿದು ಕುಗ್ಗುತ್ತದೆ, ಬೆಚ್ಚಗಿರುವ ಅಲ್ಯೂಮಿನಿಯಂ ಹಿಗ್ಗಿಯೇ ಇರುತ್ತದೆ. ಇವುಗಳ ನಡುವೆ ಬಿಗಿತ ಸಡಿಲಗೊಂಡು ಪ್ಲಗ್ ಸ್ಪ್ಯಾನರ್‌ಗೆ ಬಗ್ಗುತ್ತದೆ. ಗಾಳಿಯಾಡುವ ಸ್ಥಳದಲ್ಲಿ, ಕೈಗವಸು ಧರಿಸಿ ಈ ಕೆಲಸ ಮಾಡಬೇಕು. ಪ್ಲಗ್‌ನೊಡನೆ ಥ್ರೆಡ್ ಕಿತ್ತುಬಂದರೆ ಆ ಜಾಗಕ್ಕೆ ಹೊಸ ಥ್ರೆಡ್ ಸುರುಳಿಯನ್ನು ಕೂರಿಸಬೇಕಾಗುತ್ತದೆ.

ಕವಾಟ: ಬೆಳಗಿನ ಮೊದಲ ಚಾಲನೆಯಲ್ಲಿ ಎಂಜಿನ್ ಕೆಲಕಾಲ ನಡುಗಿ ಆಮೇಲೆ ಸರಿಹೋಗುವುದು ನಿಷ್ಕಾಸ ಕವಾಟ ಕಚ್ಚತೊಡಗಿರುವುದರ ಲಕ್ಷಣವಾಗಿರಬಹುದು. ಸಿಲಿಂಡರನ್ನು ಕಳಚದೆಯೇ ಇದನ್ನು ಸರಿಪಡಿಸಬಹುದು. ಪ್ಲಗ್ ರಂಧ್ರದ ಮೂಲಕ ನೈಲಾನ್ ಹಗ್ಗವನ್ನು ತುಂಬಿ, ಪಿಸ್ಟನ್ನನ್ನು ನಿಧಾನವಾಗಿ ಏರಿಸಿದರೆ ಹಗ್ಗವು ಕವಾಟವನ್ನು ಒತ್ತಿ ಹಿಡಿಯುತ್ತದೆ. ಸ್ಪ್ರಿಂಗ್ ಕಳಚಿದ ಬಳಿಕ ಹಗ್ಗವನ್ನು ತೆಗೆದು, ಕವಾಟವನ್ನು ಒಳಕ್ಕೆ ಸರಿಸಿ, ಅದರ ಕಾಂಡ ಚಲಿಸುವ ಕೊಳವೆಯ ಕಿಟ್ಟವನ್ನು ರೀಮರ್‌ನಿಂದ ತೆಗೆಯುತ್ತಾರೆ. ಪ್ರೊಪೆಲ್ಲರ್ ತಿರುಗಿಸುವ ಮೊದಲು ಮ್ಯಾಗ್ನೆಟೊ ಸ್ವಿಚ್ ಆರಿರುವುದನ್ನು ಖಚಿತಪಡಿಸಿಕೊಂಡು ಎಲ್ಲ ಸಿಲಿಂಡರ್‌ಗಳ ಪ್ಲಗ್‌ಗಳನ್ನು ತೆಗೆದಿರಬೇಕು. ಇಲ್ಲದಿದ್ದರೆ ಎಂಜಿನ್ ಹಠಾತ್ತನೆ ಹೊತ್ತಿಕೊಂಡು ಪ್ರಾಣಾಪಾಯವಾಗಬಹುದು.

ಸ್ಟಡ್: ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು ಕೆಳಗಿನದನ್ನು ತಿರುಗಿಸಿ ಸ್ಟಡ್ಡನ್ನು ಬಿಚ್ಚಬಹುದು. ಮುರಿದಿದ್ದರೆ ಸರಿಯಾಗಿ ನಡುವಿನಲ್ಲಿ ರಂಧ್ರ ಕೊರೆದು ತೆಗೆಯುವ ಸಾಧನವನ್ನು ಬಳಸುತ್ತಾರೆ. ಅತಿಯಾಗಿ ಕಾಯಿಸಿದರೆ ಅಲ್ಯೂಮಿನಿಯಂ ತನ್ನ ಗಟ್ಟಿತನವನ್ನು ಕಳೆದುಕೊಳ್ಳುತ್ತದೆ.

ಮರುಜೋಡಣೆ ಮತ್ತು ದಾಖಲೆ

ಹೊರತೆಗೆದ ಜಾಗವನ್ನು ಶುಚಿಗೊಳಿಸಿ ಬಿರುಕುಗಳಿಗಾಗಿ ಪರೀಕ್ಷಿಸಬೇಕು. ನೆಲಕ್ಕೆ ಬಿದ್ದ ಪ್ಲಗ್ಗನ್ನು ಮತ್ತೆ ಬಳಸಬಾರದು. ಒಳಗಿನ ಪಿಂಗಾಣಿ ಸೀಳಿರುವುದು ಹೊರಗೆ ಕಾಣುವುದಿಲ್ಲ. ಥ್ರೆಡ್‌ಗೆ ಕಚ್ಚುನಿರೋಧಕ ಲೇಪವನ್ನು ಮಿತವಾಗಿ ಹಚ್ಚಿ, ಎಂಜಿನ್ ತಯಾರಕರು ಸೂಚಿಸಿದಷ್ಟೇ ಬಿಗಿಯಬೇಕು. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಂತೆ ಮಾಡಿದ ಕೆಲಸವನ್ನು ದಾಖಲೆ ಪುಸ್ತಕದಲ್ಲಿ ನಮೂದಿಸಬೇಕು. ಅಧಿಕೃತ ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್ ಸಹಿ ಮಾಡಿದ ನಂತರವೇ ವಿಮಾನವನ್ನು ಹಾರಾಟಕ್ಕೆ ಬಿಡಲಾಗುತ್ತದೆ.